ಅಕಾರ್ಡಿಯನ್‌ನ ರಿಜಿಸ್ಟರ್ ಸ್ವಿಚ್: ಕೇಳುವುದು, ಒತ್ತುವುದು, ಗಟ್ಟಿಯಾದರೆ ಸರಿಮಾಡುವುದು

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಅಕಾರ್ಡಿಯನ್ ಕೈಗೆತ್ತಿಕೊಳ್ಳುವವರು ಸಾಮಾನ್ಯವಾಗಿ ಎರಡು ದಾರಿಯಿಂದ ಬರುತ್ತಾರೆ. ಒಂದು ಭಜನಾ ಮಂದಿರದ ಹಾರ್ಮೋನಿಯಂ, ಇನ್ನೊಂದು ಇಗರ್ಜಿಯ ಕೀಬೋರ್ಡ್. ಎರಡೂ ಕಡೆಯವರು ತಡವರಿಸುವ ಜಾಗ ಮಾತ್ರ ಒಂದೇ: ಬಲಗೈ ಕೀಗಳ ಪಕ್ಕದಲ್ಲಿ ಸಾಲಾಗಿ ಕೂತ ಆ ಸ್ವಿಚ್‌ಗಳು. ಒಂದರ ಮೇಲೆ ವಯಲಿನ್ ಅಂತ ಬರೆದಿದೆ, ಇನ್ನೊಂದರ ಮೇಲೆ ಕ್ಲಾರಿನೆಟ್, ಮತ್ತೊಂದರ ಮೇಲೆ ಬಸೂನ್. ಕೀಬೋರ್ಡಿನವರು ವಯಲಿನ್ ಒತ್ತಿ ವಯಲಿನ್‌ಗೆ ಕಾಯುತ್ತಾರೆ. ಬರುವುದಿಲ್ಲ ಮಾರಾಯ್ರೇ. ಎಷ್ಟು ಒತ್ತಿದರೂ ಅಕಾರ್ಡಿಯನ್ನೇ ಕೇಳುವುದು.

ಹಾರ್ಮೋನಿಯಂನವರು ಸತ್ಯಕ್ಕೆ ಸ್ವಲ್ಪ ಹತ್ತಿರ ಇರುತ್ತಾರೆ. ಅವರಿಗೆ ಸ್ಟಾಪರ್ ಗೊತ್ತು. ಎಳೆದರೆ ಬೇಸ್ ರೀಡಿಗೆ, ಅಂದರೆ ಗಾಳಿ ತಾಗಿದಾಗ ನುಡಿಯುವ ಲೋಹದ ನಾಲಿಗೆಗೆ, ಗಾಳಿ ಹೋಗುತ್ತದೆ, ಒತ್ತಿದರೆ ನಿಲ್ಲುತ್ತದೆ. ಅಕಾರ್ಡಿಯನ್ ಸ್ವಿಚ್ ಮಾಡುವುದೂ ಅಷ್ಟೇ. ಯಾವ ರೀಡ್ ಸಾಲಿಗೆ ದಾರಿ ತೆರೆದಿರಬೇಕು, ಯಾವುದಕ್ಕೆ ಮುಚ್ಚಿರಬೇಕು ಅಂತ ಹೇಳುವುದು. ಇಷ್ಟು ತಲೆಯಲ್ಲಿ ಕೂತರೆ ಸ್ವಿಚ್ ಮೇಲಿನ ಹೆಸರು ಓದುವ ಅಗತ್ಯವೇ ಬೀಳುವುದಿಲ್ಲ. ಈ ಬರಹ ಪಿಯಾನೋ ಕೀಗಳ ಅಕಾರ್ಡಿಯನ್ ಬಗ್ಗೆ, ಅದರಲ್ಲೂ ನಮ್ಮಲ್ಲಿ ಜಾಸ್ತಿ ಕಾಣುವ, ಎಡಗೈಗೆ 48ರಿಂದ 120 ಬಾಸ್ ಗುಂಡಿಗಳಿರುವ ಪೆಟ್ಟಿಗೆಗಳ ಬಗ್ಗೆ.

ಹಂತ 1: ಹೆಸರು ಬಿಡಿ, ಚುಕ್ಕೆ ಓದಿ

ಹೆಚ್ಚಿನ ಸ್ವಿಚ್‌ಗಳ ಮೇಲೆ ಒಂದು ಸಣ್ಣ ವೃತ್ತ ಇರುತ್ತದೆ. ಅದರೊಳಗೆ ಎರಡು ಅಡ್ಡ ಗೆರೆ. ಅಂದರೆ ವೃತ್ತ ಮೂರು ಅಂತಸ್ತಾಯಿತು. ಕೆಳಗಿನ ಅಂತಸ್ತಿನ ಚುಕ್ಕೆ ಮಂದ್ರದ ರೀಡ್ ಸಾಲು, ನಡುವಿನದು ಮಧ್ಯ, ಮೇಲಿನದು ತಾರ. ನಮ್ಮ ಮೂರು ಸ್ಥಾಯಿಗಳೇ, ನೆನಪಿಡಲು ಬೇರೆ ಉಪಾಯ ಬೇಡ. ಪಾಶ್ಚಾತ್ಯರು ಇದನ್ನೇ ಪೈಪ್ ಆರ್ಗನ್ ಲೆಕ್ಕದಲ್ಲಿ 16 ಅಡಿ, 8 ಅಡಿ, 4 ಅಡಿ ಎನ್ನುತ್ತಾರೆ.

ಮಧ್ಯದ ಅಂತಸ್ತಿನಲ್ಲಿ ಎರಡು ಚುಕ್ಕೆ, ಕೆಲವೊಮ್ಮೆ ಮೂರು ಇರಬಹುದು. ಅಂದರೆ ಒಂದೇ ಸ್ವರಕ್ಕೆ ಎರಡು ಮೂರು ರೀಡ್, ಆದರೆ ಶ್ರುತಿಯಲ್ಲಿ ಕೂದಲೆಳೆಯಷ್ಟು ಬೇರೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಈಗ ನಿಮ್ಮ ಪೆಟ್ಟಿಗೆಯಲ್ಲಿ ಎಷ್ಟು ಸಾಲು ರೀಡ್ ಉಂಟು ಅಂತ ತಿಳಿಯಬೇಕು. ಅತಿ ಹೆಚ್ಚು ಚುಕ್ಕೆ ಇರುವ ಸ್ವಿಚ್ ಹುಡುಕಿ, ಅದೇ ಮಾಸ್ಟರ್. ಅದರಲ್ಲಿ ನಾಲ್ಕು ಚುಕ್ಕೆ ಇದ್ದರೆ ಬಲಗೈಗೆ ನಾಲ್ಕು ಸಾಲು. 41 ಕೀ ಇರುವ ಅಂಥ ಪೆಟ್ಟಿಗೆಯಲ್ಲಿ ಬಲಗೈಗೇ 328 ರೀಡ್ ನಾಲಿಗೆಗಳು ಇರುತ್ತವೆ. ಅಕಾರ್ಡಿಯನ್‌ನಲ್ಲಿ ಬೆಲ್ಲೋಸ್, ಅಂದರೆ ನಡುವಿನ ಮಡಿಕೆಯ ತಿದಿ, ಎಳೆದಾಗ ಒಂದು ನಾಲಿಗೆ, ತಳ್ಳಿದಾಗ ಇನ್ನೊಂದು ನಾಲಿಗೆ ನುಡಿಯುತ್ತದೆ, ಹಾಗಾಗಿ ಎಲ್ಲವೂ ಎರಡರಷ್ಟು. ಹಾರ್ಮೋನಿಯಂ ರಿಪೇರಿ ಬಲ್ಲವರೂ ಅಕಾರ್ಡಿಯನ್ ಕಂಡರೆ ಸ್ವಲ್ಪ ಹಿಂದೆ ಸರಿಯುವುದು ಇದಕ್ಕೇ ಇರಬೇಕು.

ಎರಡೇ ಸಾಲು ಇದ್ದರೆ ಮೂರು ಬಗೆಯ ಜೋಡಣೆ ಸಾಧ್ಯ, ಮೂರು ಸಾಲಿಗೆ ಏಳು, ನಾಲ್ಕು ಸಾಲಿಗೆ 15. ಆದರೆ 15 ಸ್ವಿಚ್ ಯಾರೂ ಇಡುವುದಿಲ್ಲ. ದೊಡ್ಡ ಪೆಟ್ಟಿಗೆಗಳಲ್ಲಿ 11 ಕಾಣಬಹುದು, ಅದರಲ್ಲೂ ಮಾಸ್ಟರ್ ಎರಡು ಸಲ ಬಂದಿರುವುದುಂಟು. ಸ್ವಿಚ್ ಜಾಸ್ತಿ ಇದ್ದರೆ ಪೆಟ್ಟಿಗೆ ಒಳ್ಳೆಯದು ಅಂತೇನೂ ಇಲ್ಲ.

ಹಂತ 2: ಒಳಗೆ ನಡೆಯುವುದೇನು

ಕೀ ಒತ್ತಿದಾಗ ಒಂದು ಮುಚ್ಚಳ ಏಳುತ್ತದೆ. ಅದರಡಿಯಲ್ಲಿ ಮರದ ಹಲಗೆ, ಹಲಗೆಯಲ್ಲಿ ಆ ಕೀಗೆ ಸೇರಿದ ತೂತುಗಳು, ಒಂದೊಂದು ರೀಡ್ ಸಾಲಿಗೆ ಒಂದೊಂದು. ಹಲಗೆಯ ಆಚೆ, ಬೆಲ್ಲೋಸ್ ಕಡೆಗೆ, ರೀಡ್ ಸಾಲುಗಳನ್ನು ಹೊತ್ತ ಮರದ ರೀಡ್ ಬ್ಲಾಕ್‌ಗಳು ನಿಂತಿರುತ್ತವೆ. ತೂತು ಮತ್ತು ಬ್ಲಾಕ್ ನಡುವೆ ಒಂದು ತೆಳ್ಳಗಿನ ಲೋಹದ ಪಟ್ಟಿ ಓಡಾಡುತ್ತದೆ. ಇದೇ ಸ್ಲೈಡ್. ಪಟ್ಟಿಯುದ್ದಕ್ಕೂ ಕೀಗೊಂದರಂತೆ ತೂತು. ಒಂದರ ಮೇಲೊಂದು ಇಟ್ಟ ಎರಡು ಜರಡಿ ನೆನೆಸಿಕೊಳ್ಳಿ: ತೂತಿಗೆ ತೂತು ಕೂಡಿದರೆ ಗಾಳಿ ದಾಟುತ್ತದೆ, ಕೆಲವೇ ಮಿಲಿಮೀಟರ್ ಸರಿದರೆ ಎಲ್ಲ ಮುಚ್ಚಿತು.

ಸ್ವಿಚ್ ಒತ್ತಿದಾಗ ಆಗುವುದು ಒಂದು ಸ್ಲೈಡ್ ಸರಿಯುವುದಷ್ಟೇ ಅಲ್ಲ. ಪ್ರತಿ ಸ್ವಿಚ್ಚೂ ಎಲ್ಲ ಸ್ಲೈಡ್‌ಗಳಿಗೂ ಅಪ್ಪಣೆ ಕೊಡುತ್ತದೆ. ನಾಲ್ಕು ಸಾಲಿನ ಪೆಟ್ಟಿಗೆಯಲ್ಲಿ ಕ್ಲಾರಿನೆಟ್ ಒತ್ತಿದರೆ ಮಧ್ಯದ ಒಂದು ಸಾಲು ತೆರೆಯುತ್ತದೆ, ಅದೇ ಹೊತ್ತಿಗೆ ಉಳಿದ ಮೂರೂ ಮುಚ್ಚುತ್ತವೆ. ಹಾರ್ಮೋನಿಯಂಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ಅಲ್ಲಿ ಸ್ಟಾಪರ್‌ಗಳನ್ನು ಒಂದೊಂದಾಗಿ ಎಳೆದು ಬೇಕಾದ್ದು ಸೇರಿಸಿಕೊಳ್ಳುತ್ತೀರಿ. ಇಲ್ಲಿ ಜೋಡಣೆ ಮೊದಲೇ ಸಿದ್ಧ, ನೀವು ಆರಿಸುವುದು ಮಾತ್ರ. ಹಾಗಾಗಿ ಎರಡು ಸ್ವಿಚ್ ಒಟ್ಟಿಗೆ ಒತ್ತಿ ಎರಡೂ ಬರಲಿ ಅಂದರೆ ಆಗುವುದಿಲ್ಲ. ಸ್ವಿಚ್ಚಿನಿಂದ ಸ್ಲೈಡಿಗೆ ಹೋಗುವ ಸರಳುಗಳು ಒಂದಕ್ಕೊಂದು ಅಡ್ಡ ಬಂದು ಸಿಕ್ಕಿಹಾಕಿಕೊಳ್ಳಬಹುದು.

ಕೆಲವು ದುಬಾರಿ ಪೆಟ್ಟಿಗೆಗಳಲ್ಲಿ ಮಂದ್ರದ ಸಾಲು ಮತ್ತು ಮಧ್ಯದ ಒಂದು ಸಾಲು ಒಳಗಿನ ಒಂದು ಕೋಣೆಯೊಳಗೆ ಕೂತಿರುತ್ತವೆ. ಇದಕ್ಕೆ ಕಸೊಟ್ಟೊ ಎನ್ನುತ್ತಾರೆ. ನಾದ ಕೋಣೆಯೊಳಗೆ ಸುತ್ತಿ ಹೊರಬರುವುದರಿಂದ ಮೊನಚು ಕಡಿಮೆ. ಒಂದೇ ರೀಡ್ ಸಾಲಿನ ಸ್ವಿಚ್‌ಗಳಿಗೆ ನಿಜವಾದ ಬೆಲೆ ಬರುವುದು ಇಂಥ ಪೆಟ್ಟಿಗೆಯಲ್ಲಿ.

ಹಂತ 3: ಒಂದೊಂದೇ ಸಾಲನ್ನು ಕೇಳಿ

ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಹಾಡು ಬೇಡ, ಒಂದೇ ಸ್ವರ ಸಾಕು. ಬಿಳಿ ಒಂದನ್ನು (ಪಾಶ್ಚಾತ್ಯರ C) ಷಡ್ಜ ಮಾಡಿಕೊಂಡು ಕೀಬೋರ್ಡಿನ ನಡುವೆ ಹಿಡಿಯಿರಿ. ಬೆಲ್ಲೋಸ್ ನಿಧಾನಕ್ಕೆ ಎಳೆಯಿರಿ.

ಮೊದಲು ಕೆಳಗೊಂದೇ ಚುಕ್ಕೆಯ ಸ್ವಿಚ್, ಅಂದರೆ ಬಸೂನ್. ಸ್ವರ ಒಂದು ಸ್ಥಾಯಿ ಕೆಳಗೆ ಕೇಳುತ್ತದೆ. ಗಮನಿಸಿ, ಕೀ ಒತ್ತಿದ ಕೂಡಲೇ ನಾದ ಹೊರಡುವುದಿಲ್ಲ, ಸ್ವಲ್ಪ ತಡ. ಮಂದ್ರದ ನಾಲಿಗೆ ಉದ್ದ ಮತ್ತು ಭಾರ, ಅಲುಗಾಡಲು ಸಮಯ ಬೇಕು. ಆಮೇಲೆ ಮಧ್ಯದ ಒಂದು ಚುಕ್ಕೆ, ಕ್ಲಾರಿನೆಟ್. ಸ್ವಚ್ಛ, ನೇರ, ಅಲುಗಾಟ ಇಲ್ಲದ ನಾದ. ಆಮೇಲೆ ಮೇಲಿನ ಒಂದೇ ಚುಕ್ಕೆ, ಪಿಕ್ಕೋಲೊ. ಕೀ ಮುಟ್ಟಿದರೆ ಸಾಕು, ನಾದ ಚಿಮ್ಮುತ್ತದೆ. ಆದರೆ ಇದನ್ನೊಂದನ್ನೇ ತುಂಬ ಹೊತ್ತು ಕೇಳಿದರೆ ಮನೆಯವರು ಎದ್ದು ಹೋಗುತ್ತಾರೆ.

ಈಗ ಮಧ್ಯದಲ್ಲಿ ಎರಡು ಚುಕ್ಕೆಯ ವಯಲಿನ್ ಒತ್ತಿ. ನಾದ ಅಲೆಅಲೆಯಾಗಿ ಬರುತ್ತದೆ ಅಲ್ವಾ? ಎರಡು ರೀಡ್‌ಗಳಲ್ಲಿ ಒಂದನ್ನು ಬೇಕೆಂದೇ ತುಸು ಏರಿಸಿ ಶ್ರುತಿ ಮಾಡಿರುತ್ತಾರೆ. 440 ಹರ್ಟ್ಸ್‌ನ ಸ್ವರದಲ್ಲಿ 10 ಸೆಂಟ್ ವ್ಯತ್ಯಾಸ ಇಟ್ಟರೆ ಸೆಕೆಂಡಿಗೆ ಸುಮಾರು 2.5 ಅಲೆ, 20 ಸೆಂಟ್ ಇಟ್ಟರೆ ಸುಮಾರು 5. ಎರಡು ಸ್ವರಗಳ ನಡುವಿನ ಅರ್ಧ ಮೆಟ್ಟಿಲಿಗೆ 100 ಸೆಂಟ್, ಅದರ ಎದುರು ಇದು ಎಷ್ಟು ಸಣ್ಣದು ಅಂತ ನೋಡಿ. ಅಲೆ ಕಡಿಮೆ ಇದ್ದರೆ ಡ್ರೈ ಎನ್ನುತ್ತಾರೆ, ಜಾಸ್ತಿ ಇದ್ದರೆ ಮ್ಯುಸೆಟ್. ಹಳೆ ಫ್ರೆಂಚ್ ವಾಲ್ಟ್ಸ್‌ನ ಆ ನಡುಗುವ ನಾದ ಎರಡನೇ ಬಗೆಯದು. ನಿಮ್ಮ ಪೆಟ್ಟಿಗೆಯಲ್ಲಿ ಅಲೆ ಎಷ್ಟು ಅಂತ ಗಡಿಯಾರ ನೋಡಿ ಎಣಿಸಿಡಿ. ಮುಂದೆ ಶ್ರುತಿ ಮಾಡಿಸುವಾಗ ಇದೇ ಬೇಕು ಅಂತ ಹೇಳಲು ಆಗುತ್ತದೆ.

ಕೊನೆಗೆ ಒಂದು ಸಣ್ಣ ಪ್ರಯೋಗ. ಕ್ಲಾರಿನೆಟ್‌ನಲ್ಲಿ ನಡುವಿನ ಷಡ್ಜ ನುಡಿಸಿ. ಆಮೇಲೆ ಬಸೂನ್ ಒತ್ತಿ, ಒಂದು ಸ್ಥಾಯಿ ಮೇಲಿನ ಷಡ್ಜದ ಕೀ ಹಿಡಿಯಿರಿ. ಸ್ವರ ಅದೇ, ಬಣ್ಣ ಬೇರೆ. ಒಂಟಿ ಹಾಡುಗಾರರ ಹಿಂದೆ ನುಡಿಸುವಾಗ ಈ ಉಪಾಯ ತುಂಬ ಉಪಯೋಗಕ್ಕೆ ಬರುತ್ತದೆ.

ಹಂತ 4: ಬೆರಳಿಗೆ ಹೇಗೆ ಸಿಗಬೇಕು

ಬೆಲ್ಲೋಸ್ ಮುಚ್ಚಿ, ಬೆಲ್ಟ್ ಹಾಕಿ, ಸದ್ದಿಲ್ಲದೆ ಒಂದೊಂದೇ ಸ್ವಿಚ್ ಒತ್ತುತ್ತಾ ಹೋಗಿ. ಸರಿಯಾಗಿರುವ ಸ್ವಿಚ್ಚಿಗೆ ಮೂರು ಗುಣ. ಮೊದಲು ಸ್ವಲ್ಪ ತಡೆ, ಆಮೇಲೆ ಒಮ್ಮೆಲೇ ಜಾರುವುದು, ಕೊನೆಗೆ ಟಕ್ ಅಂತ ನಿಲ್ಲುವುದು. ಆ ಕೊನೆಯ ಟಕ್ ಬೆರಳಿಗೆ ಗೊತ್ತಾಗಬೇಕು. ಹತ್ತಿಯ ಮೇಲೆ ಒತ್ತಿದ ಹಾಗೆ ಮೆತ್ತಗೆ ನಿಂತರೆ ಸ್ಲೈಡ್ ಪೂರ್ತಿ ದೂರ ಹೋಗಿಲ್ಲ.

ಸ್ವಿಚ್‌ಗಳಲ್ಲಿ ಎರಡು ಜಾತಿ. ಒಂದು ಒತ್ತಿದರೆ ಒತ್ತಿಕೊಂಡೇ ಇರುತ್ತದೆ, ಇನ್ನೊಂದು ಒತ್ತಿದ ಮೇಲೆ ಸ್ಪ್ರಿಂಗ್‌ನಿಂದ ಮತ್ತೆ ಮೇಲೆ ಬರುತ್ತದೆ. ಎರಡನೆಯದರಲ್ಲಿ ಈಗ ಯಾವುದು ಹಾಕಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ವೇದಿಕೆಯಲ್ಲಿ ಹಾಡು ಶುರು ಮಾಡುವ ಮೊದಲು ಬೇಕಾದ ಸ್ವಿಚ್ಚನ್ನು ಇನ್ನೊಮ್ಮೆ ಒತ್ತಿಬಿಡುವುದು ಒಳ್ಳೆಯದು. ಕೆಲವು ಪೆಟ್ಟಿಗೆಗಳಲ್ಲಿ ಕೀಗಳ ಅಂಚಿನುದ್ದಕ್ಕೂ ಅಂಗೈಯಿಂದ ಒತ್ತುವ ಮಾಸ್ಟರ್ ಪಟ್ಟಿ ಇರುತ್ತದೆ, ಇನ್ನು ದೊಡ್ಡ ಕಛೇರಿ ಪೆಟ್ಟಿಗೆಗಳಲ್ಲಿ ಗಲ್ಲದಿಂದ ಒತ್ತುವ ಸ್ವಿಚ್‌ಗಳೂ ಇರುತ್ತವೆ. ನೋಡಲು ತಮಾಷೆ, ಆದರೆ ಎರಡೂ ಕೈ ಬಿಡುವಿಲ್ಲದಾಗ ಅದೇ ಗತಿ.

ಈಗ ಮುಖ್ಯ ಪರೀಕ್ಷೆ. ಕ್ಲಾರಿನೆಟ್ ಹಾಕಿ ಒಂದು ಸ್ವರ ಹಿಡಿಯಿರಿ. ಮೊಬೈಲಿನಲ್ಲಿ ಟ್ಯೂನರ್ ಆಪ್ ತೆರೆದಿಡಿ. ಸ್ವರ ನುಡಿಯುತ್ತಿರುವಾಗಲೇ ಬಸೂನ್ ಸ್ವಿಚ್ಚನ್ನು ತೀರಾ ನಿಧಾನಕ್ಕೆ ಒತ್ತುತ್ತಾ ಹೋಗಿ. ಅರ್ಧ ದಾರಿಯಲ್ಲಿ ನಾದ ಸಣ್ಣಗಾಗುತ್ತದೆ, ಜೊತೆಗೆ ಶ್ರುತಿಯೂ ಇಳಿಯುತ್ತದೆ, ಟ್ಯೂನರ್ ಮುಳ್ಳು ಎಡಕ್ಕೆ ವಾಲುತ್ತದೆ. ಗಾಳಿಯ ದಾರಿ ಕಿರಿದಾದರೆ ರೀಡ್ ಹೀಗೆಯೇ ಮಾಡುವುದು. ಈ ಸೋತ ನಾದವನ್ನು ಕಿವಿಯಲ್ಲಿ ಇಟ್ಟುಕೊಳ್ಳಿ. ಮುಂದೊಂದು ದಿನ ಸ್ವಿಚ್ ಪೂರ್ತಿ ಒತ್ತಿದ ಮೇಲೂ ಇದೇ ಕೇಳಿದರೆ ರೀಡ್ ಶ್ರುತಿ ತಪ್ಪಿದೆ ಅಂತ ರಿಪೇರಿಗೆ ದುಡ್ಡು ಸುರಿಯುವ ಮೊದಲು ಸ್ಲೈಡ್ ನೋಡಿ.

ಹಂತ 5: ಎಲ್ಲಿಗೆ ಯಾವುದು

ಮಾಸ್ಟರ್ ಹಾಕಿ ಬಿಟ್ಟುಬಿಡುವುದು ನಮ್ಮಲ್ಲಿ ರೂಢಿ. ಜೋರಾಗಿ ಕೇಳುತ್ತದೆ, ನಿಜ. ಆದರೆ ನಾಲ್ಕು ಸಾಲಿನ ಪೆಟ್ಟಿಗೆಯಲ್ಲಿ ಮಾಸ್ಟರ್ ಹಾಕಿ ಮೂರು ಕೀ ಹಿಡಿದರೆ 12 ರೀಡ್ ಒಟ್ಟಿಗೆ ಗಾಳಿ ಕುಡಿಯುತ್ತವೆ. ಸಾಲು ಮುಗಿಯುವ ಮೊದಲೇ ಬೆಲ್ಲೋಸ್ ಮುಗಿಯುತ್ತದೆ, ನಡುವೆ ತಿರುಗಿಸಬೇಕಾಗುತ್ತದೆ, ಹಾಡು ತುಂಡಾಗುತ್ತದೆ. ಬೆಲ್ಲೋಸ್ ಹಿಡಿತ ಇಲ್ಲ ಅಂತ ಬೇಜಾರು ಮಾಡಿಕೊಳ್ಳುವವರು ಒಮ್ಮೆ ಒಂಟಿ ರೀಡಿನಲ್ಲಿ ಅದೇ ಹಾಡು ನುಡಿಸಿ ನೋಡಲಿ. ನನ್ನ ಮಟ್ಟಿಗೆ ಮಾಸ್ಟರ್ ಎಂಬುದು ಕೊನೆಯ ಚರಣಕ್ಕೆ ಇಟ್ಟುಕೊಳ್ಳುವ ವಸ್ತು.

ಭಜನೆಗೆ ಕ್ಲಾರಿನೆಟ್ ಹಾಕಿ. ಇದನ್ನು ಒತ್ತಿ ಹೇಳುತ್ತೇನೆ. ಶ್ರುತಿಪೆಟ್ಟಿಗೆ, ಹಾರ್ಮೋನಿಯಂ ಎರಡೂ ಒಂದು ಶ್ರುತಿಗೆ ಗಟ್ಟಿಯಾಗಿ ನಿಂತಿರುವಾಗ ನೀವು ಎರಡು ಚುಕ್ಕೆಯ ಅಲೆ ನಾದ ತಂದರೆ ಏರಿಸಿಟ್ಟ ಆ ಎರಡನೇ ರೀಡ್ ಎಲ್ಲದರ ಜೊತೆ ಜಗಳಕ್ಕೆ ನಿಲ್ಲುತ್ತದೆ. ಹಾಡುವವರು ಯಾಕೋ ಶ್ರುತಿ ಸೇರ್ತಿಲ್ಲ ಅನ್ನುತ್ತಾರೆ, ತಬಲದವರು ನಿಮ್ಮ ಮುಖ ನೋಡುತ್ತಾರೆ. ಇನ್ನೊಂದು ವಿಷಯ: ಯುರೋಪಿನ ಎಷ್ಟೋ ಅಕಾರ್ಡಿಯನ್‌ಗಳನ್ನು 442ಕ್ಕೆ ಶ್ರುತಿ ಮಾಡಿರುತ್ತಾರೆ. ನಿಮ್ಮ ಬಿಳಿ ಒಂದು ಮತ್ತು ಮಂದಿರದ ಹಾರ್ಮೋನಿಯಂನ ಬಿಳಿ ಒಂದು ಕೂಡುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಶ್ರುತಿಪೆಟ್ಟಿಗೆಯನ್ನು ಹೊಂದಿಸಬಹುದು, ಹಾರ್ಮೋನಿಯಂ ಮತ್ತು ಅಕಾರ್ಡಿಯನ್ ಎರಡನ್ನೂ ಕೂತಲ್ಲೇ ಹೊಂದಿಸಲು ಆಗುವುದಿಲ್ಲ.

ಇಗರ್ಜಿಯ ಗಾಯನಕ್ಕೆ ಕೆಳಗೊಂದು ನಡುವೊಂದು ಚುಕ್ಕೆಯ ಬ್ಯಾಂಡೋನಿಯನ್ ಹಿತ, ತುಂಬಿಕೊಂಡ ಹಾಗೆ ಕೇಳುತ್ತದೆ, ದನಿಗಳನ್ನು ಮುಚ್ಚುವುದೂ ಇಲ್ಲ. ಇನ್ನೂ ಬೇಕಾದರೆ ಮೂರು ಅಂತಸ್ತಿನಲ್ಲೂ ಒಂದೊಂದು ಚುಕ್ಕೆ ಇರುವುದು. ಅದರ ಮೇಲೆ ಹಾರ್ಮೋನಿಯಂ ಅಂತಲೇ ಬರೆದಿರುತ್ತದೆ. ಶಂಕರ್-ಜೈಕಿಶನ್ ಕಾಲದ ಹಿಂದಿ ಹಾಡುಗಳಿಗೆ ವಯಲಿನ್, ಅಥವಾ ಅದಕ್ಕೆ ಮಂದ್ರ ಸೇರಿದ್ದು. ಆ ಕಾಲದ ಗೂಡಿ ಸೀರ್ವಾಯಿ, ಆಮೇಲಿನ ಎನೋಕ್ ಡೇನಿಯಲ್ಸ್ ಇವರ ಅಕಾರ್ಡಿಯನ್ ಕೇಳುತ್ತಾ ಇಲ್ಲಿ ಅಲೆ ಉಂಟಾ ಇಲ್ವಾ ಅಂತಷ್ಟೇ ಗಮನಿಸಿ. ಕಿವಿ ಬೇಗ ಪಳಗುತ್ತದೆ. ಗಲಾಟೆಯ ನಡುವೆ ಒಂಟಿ ಸ್ವರಗಳು ಮೇಲೆದ್ದು ಕೇಳಬೇಕಾದರೆ, ಕೊಂಕಣಿ ಕ್ರೈಸ್ತರ ಮದುವೆ ಮನೆಯಲ್ಲಿ ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ದಿನ ಇರುತ್ತದಲ್ಲ ಹಾಗೆ, ನಡು ಮತ್ತು ಮೇಲಿನ ಚುಕ್ಕೆ ಸೇರಿದ ಓಬೋ ಸಾಕು.

ಹಂತ 6: ಹಾಡಿನ ನಡುವೆ ಬದಲಿಸುವುದು

ಬೆಲ್ಲೋಸ್ ತಿರುಗುವ ಕ್ಷಣದಲ್ಲಿ ಗಾಳಿ ನಿಂತಿರುತ್ತದೆ. ಸ್ವಿಚ್ ಒತ್ತಲು ಅದೇ ಸರಿಯಾದ ಹೊತ್ತು. ಗಾಳಿ ಹರಿಯುತ್ತಿರುವಾಗ ಒತ್ತಿದರೆ ಆ ಸೋತ ನಾದ ಒಂದು ಕ್ಷಣ ಎಲ್ಲರಿಗೂ ಕೇಳುತ್ತದೆ, ಮೈಕ್ ಹತ್ತಿರ ಇದ್ದರೆ ಟಕ್ ಸದ್ದು ಬೇರೆ. ಹಾಗಾಗಿ ಸ್ವಿಚ್ ಬದಲಾವಣೆಯನ್ನು ಬೆಲ್ಲೋಸ್ ತಿರುಗುವ ಜಾಗಕ್ಕೆ ಕಟ್ಟಿಹಾಕಿ.

ಅಭ್ಯಾಸ ಹೀಗೆ ಮಾಡಿ. ಆದಿತಾಳದ ಎಂಟು ಎಣಿಕೆ. ಏಳರವರೆಗೆ ಕ್ಲಾರಿನೆಟ್‌ನಲ್ಲಿ ಸರಳವಾದ ಸರಳೆ ನುಡಿಸಿ. ಎಂಟರಲ್ಲಿ ಕೈ ಎತ್ತಿ, ಬೆಲ್ಲೋಸ್ ನಿಲ್ಲಿಸಿ, ಬ್ಯಾಂಡೋನಿಯನ್ ಒತ್ತಿ. ಮುಂದಿನ ಆವರ್ತ ತಳ್ಳುವ ಗಾಳಿಯಲ್ಲಿ ಶುರು. ಮತ್ತೆ ಎಂಟರಲ್ಲಿ ವಾಪಸು. ಕಣ್ಣು ಮುಚ್ಚಿ ಮಾಡಲು ಬಂದ ಮೇಲೆ ವಿರಾಮವನ್ನು ಅರ್ಧ ಎಣಿಕೆಗೆ ಇಳಿಸಿ. ಯಾವ ಬೆರಳಲ್ಲಿ ಒತ್ತಬೇಕು ಅಂತ ನಿಯಮ ಇಲ್ಲ. ಆಗ ಬಿಡುವಿರುವ ಬೆರಳು, ಮುಂದಿನ ಸ್ವರದ ಕೀಯಿಂದ ದೂರ ಒಯ್ಯದ ಬೆರಳು. ತುದಿಯಿಂದ ಮೆಲ್ಲಗೆ ಮುಟ್ಟಬೇಡಿ, ಪೂರ್ತಿ ಕೊನೆವರೆಗೆ ಒತ್ತಿ.

ಒಂದು ಹಾಡಿಗೆ ಎರಡು ಬದಲಾವಣೆ ಧಾರಾಳ. ಸಾಲಿಗೊಂದು ಸ್ವಿಚ್ ಒತ್ತುವವರನ್ನು ನೋಡಿದರೆ ಪೆಟ್ಟಿಗೆ ಮಾರಲು ಬಂದವರ ಹಾಗೆ ಕಾಣುತ್ತದೆ.

ಹಂತ 7: ಎಡಗೈ

ಬಾಸ್ ಕಡೆಯ ಸ್ವಿಚ್‌ಗಳ ತತ್ತ್ವವೂ ಅದೇ. 120 ಬಾಸ್‌ನಲ್ಲಿ ಸಾಮಾನ್ಯವಾಗಿ ಐದು ಸಾಲು ರೀಡ್, ಎರಡರಿಂದ ಏಳು ಸ್ವಿಚ್. ಇಲ್ಲಿ ಒಂದೇ ನಿಯಮ ಸಾಕು: ಬಲಗೈ ತೆಳ್ಳಗಾದರೆ ಎಡಗೈಯನ್ನೂ ತೆಳ್ಳಗೆ ಮಾಡಿ. ಬಲಗೈಯಲ್ಲಿ ಕ್ಲಾರಿನೆಟ್ ಒಂದೇ ನುಡಿಯುತ್ತಿದ್ದು ಎಡಗೈ ಮಾಸ್ಟರ್‌ನಲ್ಲಿದ್ದರೆ ಹಾಡು ಮುಳುಗಿಯೇ ಹೋಗುತ್ತದೆ.

ಹಂತ 8: ಮಳೆಗಾಲ ಮತ್ತು ಗಟ್ಟಿಯಾದ ಸ್ವಿಚ್

ನಮ್ಮ ಊರಿನ ನಿಜವಾದ ಸಮಸ್ಯೆ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ತೇವ ಕುಡಿಯುತ್ತದೆ, ಸ್ಲೈಡ್ ಓಡುವ ಸಂದು ಬಿಗಿಯಾಗುತ್ತದೆ, ಪಟ್ಟಿಯ ಮೇಲೆ ಬೂದಿ ಬಣ್ಣದ ಪುಡಿ ಕೂರುತ್ತದೆ, ಉಕ್ಕಿನ ರೀಡ್ ನಾಲಿಗೆಗೆ ತುಕ್ಕು ಹಿಡಿಯುತ್ತದೆ. ಸ್ವಿಚ್ ಗಟ್ಟಿಯಾದ ಕೂಡಲೇ ಕೈ ಹೋಗುವುದು ತೆಂಗಿನೆಣ್ಣೆ ಬಾಟಲಿಗೆ, ಇಲ್ಲಾಂದ್ರೆ ಬೈಕಿಗೆ ಹೊಡೆಯುವ ಸ್ಪ್ರೇಗೆ. ಎರಡೂ ಬೇಡವೇ ಬೇಡ. ಎಣ್ಣೆ ಅಲ್ಲೇ ನಿಲ್ಲುವುದಿಲ್ಲ. ಮರಕ್ಕೆ ಇಳಿಯುತ್ತದೆ, ರೀಡಿನ ಚರ್ಮದ ಪಟ್ಟಿಗೆ ಹತ್ತುತ್ತದೆ, ಧೂಳು ಸೇರಿ ಅಂಟಾಗುತ್ತದೆ. ಆಮೇಲೆ ಸ್ವಿಚ್ ಜೊತೆಗೆ ರೀಡೂ ಹೋಯಿತು.

ಮೊದಲು ರೋಗ ಯಾವುದು ಅಂತ ನೋಡಿ. ಒಂದು ಸ್ವಿಚ್ ಹಾಕಿದಾಗ ಒಂದೇ ಒಂದು ಸ್ವರ ಮೂಕವಾಗಿದ್ದರೆ ಸ್ವಿಚ್‌ದು ತಪ್ಪಲ್ಲ, ಆ ರೀಡಿನಲ್ಲಿ ಕಸ ಕೂತಿದೆ. ತಾರದ ಸಾಲಿನಲ್ಲಿ ಇದು ಜಾಸ್ತಿ, ನಾಲಿಗೆ ಅಷ್ಟು ಸಣ್ಣದು. ಒಂದು ಸಾಲಿನ ಎಲ್ಲ ಸ್ವರಗಳೂ ಸೋತು ಇಳಿದಿದ್ದರೆ ಸ್ಲೈಡ್ ಪೂರ್ತಿ ತೆರೆದಿಲ್ಲ. ಮುಚ್ಚಿರಬೇಕಾದ ಸಾಲು ಹಿಂದಿನಿಂದ ಗುಯ್‌ಗುಡುತ್ತಿದ್ದರೆ ಸ್ಲೈಡ್ ಪೂರ್ತಿ ಮುಚ್ಚಿಲ್ಲ, ಅಥವಾ ಬ್ಲಾಕ್ ಸರಿಯಾಗಿ ಕೂತಿಲ್ಲ. ಸ್ವಿಚ್ ಟಕ್ ಅಂದರೂ ನಾದ ಬದಲಾಗದಿದ್ದರೆ ಒಳಗೆ ಸರಳು ಕಳಚಿದೆ. ಕೀ ಒತ್ತದೆಯೇ ಸ್ವರ ಹಾಡುತ್ತಿದ್ದರೆ ಅದು ಮುಚ್ಚಳದ ತೊಂದರೆ, ಇಲ್ಲಿ ಹುಡುಕಬೇಡಿ.

ಸ್ಲೈಡ್ ಅಂತ ಖಾತ್ರಿಯಾದರೆ, ಒಣ ದಿನ ನೋಡಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕೂರಿ. ಮುಂದಿನ ಜಾಲರಿ ಬಿಚ್ಚಿ ಸ್ವಿಚ್ಚಿನ ಸರಳುಗಳನ್ನು ನೋಡಿ, ಎಲ್ಲಾದರೂ ಬಗ್ಗಿದೆಯಾ, ಜಿರಳೆ ಗೂಡು ಮಾಡಿದೆಯಾ. ಅಲ್ಲಿ ಏನೂ ಇಲ್ಲದಿದ್ದರೆ ಬಲಗೈ ಕಡೆಯ ಬೆಲ್ಲೋಸ್ ಪಿನ್ನುಗಳನ್ನು ತೆಗೆಯಬೇಕು. ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ ನೇರವಾಗಿ ಎಳೆಯಿರಿ, ಅಲ್ಲಾಡಿಸಿದರೆ ತೂತು ಸಡಿಲ. ಒಂದು ರಟ್ಟಿನ ಮೇಲೆ ಪೆಟ್ಟಿಗೆಯ ಚಿತ್ರ ಬರೆದು ಯಾವ ಪಿನ್ ಎಲ್ಲಿಯದೋ ಅಲ್ಲೇ ಚುಚ್ಚಿಡಿ. ಪ್ರತಿ ಪಿನ್ನೂ ತನ್ನ ತೂತಿಗೇ ಹೋಗಬೇಕು.

ಒಳಗೆ ರೀಡ್ ಬ್ಲಾಕ್‌ಗಳು ಕಾಣುತ್ತವೆ. ಮುಟ್ಟುವ ಮೊದಲು ಫೋಟೋ ತೆಗೆಯಿರಿ. ಬ್ಲಾಕ್ ಹಿಡಿದಿರುವ ಕೊಕ್ಕೆ ಅಥವಾ ಸ್ಕ್ರೂ ಸಡಿಲಿಸಿ ಬ್ಲಾಕನ್ನು ನೇರಕ್ಕೆ ಎತ್ತಿ, ಮರ ಹಿಡಿದು ಎತ್ತಿ, ರೀಡ್ ಮುಟ್ಟಬೇಡಿ, ಅದರ ಮೇಲೆ ಉಸಿರೂ ಬಿಡಬೇಡಿ. ಈಗ ಸ್ಲೈಡ್ ಕಣ್ಣೆದುರು. ಕೆಲವು ಪೆಟ್ಟಿಗೆಗಳಲ್ಲಿ ಅದು ಹಲಗೆಯಲ್ಲಿ ಇರುತ್ತದೆ, ಕೆಲವದರಲ್ಲಿ ಬ್ಲಾಕಿನ ಬುಡದಲ್ಲೇ. ಬೆರಳಿಂದ ಸರಿಸಿ ನೋಡಿ. ಎಲ್ಲಿ ತಡೆಯುತ್ತದೋ ಅಲ್ಲಿ ಪುಡಿ ಇರುತ್ತದೆ. ಒಣ ಹತ್ತಿ ಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಬಟ್ಟೆಗೆ ಎರಡು ಹನಿ ಸ್ಪಿರಿಟ್ ಹಾಕಿ ಒರೆಸಿ, ಪೂರ್ತಿ ಆರಲು ಬಿಡಿ. ರೀಡ್ ಹಿಡಿದ ಮೇಣಕ್ಕೆ ಸ್ಪಿರಿಟ್ ತಾಗಬಾರದು. ಸ್ಲೈಡ್ ಬೆರಳಿಗೆ ಹಗುರವಾಗಿ ಓಡಿದರೆ ಕೆಲಸ ಮುಗಿಯಿತು. ಬಗ್ಗಿದ ಪಟ್ಟಿ, ಉಬ್ಬಿದ ಮರ, ಬಿರುಕು ಬಿಟ್ಟ ಮೇಣ ಕಂಡರೆ ಅಲ್ಲಿಗೇ ನಿಲ್ಲಿಸಿ ಬಲ್ಲವರಿಗೆ ಕೊಡಿ.

ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಅದರ ಕೇಸಿನಲ್ಲೇ, ಕಾಲುಗಳ ಮೇಲೆ ನಿಲ್ಲಿಸಿ ಇಡಿ. ಜೊತೆಗೆ ಸಿಲಿಕಾ ಜೆಲ್ ಹಾಕಿ. ಕೇಸನ್ನು ನೆಲಕ್ಕೆ ತಾಗಿಸಿ ಬೇಡ, ಗೋಡೆಗೆ ಒರಗಿಸಿ ಬೇಡ. ಅಟ್ಟವಂತೂ ಬೇಡವೇ ಬೇಡ. ಬೇಸಗೆಯಲ್ಲಿ ಹೆಂಚಿನಡಿಯ ಬಿಸಿಗೆ ರೀಡ್ ಹಿಡಿದ ಜೇನುಮೇಣ ಮೆತ್ತಗಾಗುತ್ತದೆ. ವಾರಕ್ಕೆ ಎರಡು ಮೂರು ಸಲವಾದರೂ ಹೊರಗೆ ತೆಗೆದು ನುಡಿಸಿ, ಪ್ರತಿ ಸ್ವಿಚ್ಚನ್ನೂ ಒಮ್ಮೆ ಒತ್ತಿ. ಓಡಾಡುವ ಸ್ಲೈಡ್ ಅಂಟಿಕೊಳ್ಳುವುದು ಕಡಿಮೆ.

ಹಳೆ ಪೆಟ್ಟಿಗೆ ಕೊಳ್ಳುವಾಗ

ಮಾರುವವರು ಮಾಸ್ಟರ್ ಹಾಕಿಯೇ ನುಡಿಸಿ ತೋರಿಸುತ್ತಾರೆ. ನಾಲ್ಕು ರೀಡ್ ಒಟ್ಟಿಗೆ ನುಡಿದರೆ ಒಂದು ಸತ್ತಿದ್ದರೂ ಗೊತ್ತಾಗುವುದಿಲ್ಲ. ಆಯ್ತು ಅಂತ ಕೇಳಿಸಿಕೊಂಡು, ಆಮೇಲೆ ನೀವು ಕೈಗೆ ತೆಗೆದುಕೊಂಡು ಮಂದ್ರ, ಮಧ್ಯ, ತಾರ ಒಂದೊಂದೇ ಸಾಲು ಹಾಕಿ. ಕೆಳಗಿನ ಕೀಯಿಂದ ಮೇಲಿನ ಕೀವರೆಗೆ ಎಳೆಯುತ್ತಾ ಒಮ್ಮೆ, ತಳ್ಳುತ್ತಾ ಒಮ್ಮೆ ನುಡಿಸಿ. ಎಳೆಯುವಾಗ ಇದ್ದ ಸ್ವರ ತಳ್ಳುವಾಗ ಇಲ್ಲದಿದ್ದರೆ ಒಂದು ನಾಲಿಗೆ ಹೋಗಿದೆ. ಮಧ್ಯದ ಎರಡನೇ ಸಾಲಿಗೆ ಬೇರೆ ಸ್ವಿಚ್ ಇಲ್ಲದಿದ್ದರೆ ವಯಲಿನ್ ಹಾಕಿ ಅಲೆ ಕೇಳಿ. ಅಲೆ ಕೆಳಗಿನಿಂದ ಮೇಲಕ್ಕೆ ಹೋದ ಹಾಗೆ ನಿಧಾನಕ್ಕೆ ವೇಗ ಏರುತ್ತಾ ಹೋಗುವುದು ಸರಿ, ಒಂದು ಕೀಗೆ ಓಡಿ ಪಕ್ಕದ ಕೀಗೆ ತೆವಳಿದರೆ ಶ್ರುತಿ ಮಾಡಿಸದೆ ಬೇರೆ ದಾರಿ ಇಲ್ಲ. ನೂರಾರು ನಾಲಿಗೆಗಳ ಶ್ರುತಿ ಅಂದರೆ ದಿನಗಟ್ಟಲೆ ಕೆಲಸ, ಆ ಖರ್ಚನ್ನು ಹೇಳಿದ ಬೆಲೆಯಿಂದ ಕಳೆದೇ ಮಾತಿಗೆ ಕೂರಿ.